ಉಪ್ಪುನೀರಿನ ಮದ್ದು

ಗರ್ರೆಂದು ಶುರುವಾಗುವ ಕರೆಂಟಿನ ಚಾಕು ಮಾಂಸದೊಳಗೆ ಹೋಗುವಾಗ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ, ಬೆನ್ನೆಲುಬು ತಾಗಿದ ಕೂಡಲೇ ಕಟಕಟ ಎನ್ನುತ್ತದೆ. ಆ ಕಟಕಟ ಕೇಳಿದರೆ ಸಾಕು, ದಕ್ಕೆಯ ಕಂಬಗಳ ಮೇಲೆ ತೂಕಡಿಸುತ್ತಿರುವ ಹೆಜ್ಜಾರ್ಲೆಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಇನ್ನೊಂದು ಗಳಿಗೆಗೆ ಮೀನಿನ ತಲೆ, ಮುಳ್ಳು ನೀರಿಗೆ ಬೀಳುತ್ತದೆಂದು ಅವಕ್ಕೆ ಗೊತ್ತು. ಒದೀಲಿಯಾ ಈ ಸದ್ದಿನಲ್ಲೇ ಮೂವತ್ತೊಂದು ವರ್ಷ ಕಳೆದಿದ್ದಳು. ಟೆಕ್ಸಸ್ಸಿನ ದಕ್ಷಿಣದ ಅಂಚಿನಲ್ಲಿ, ಎಷ್ಟು ದೂರ ನಡೆದರೂ ಬಹುಪಾಲು ಸೊಂಟ ಮೀರದ ಲಗೂನಾ ಮಾದ್ರೆಯ ನೀರಿನ ಪಕ್ಕ, ತಗಡಿನ ಮಾಡಿನ ಕೆಳಗೊಂದು ಸಿಮೆಂಟಿನ ಮೇಜು. ಅದೇ ಅವಳ ಅಂಗಡಿ. ಹಿಡಿದವರು ಮೀನು ತಂದು ಸುರಿಯುತ್ತಾರೆ, ಅವಳು ಬಿಡಿಸಿಕೊಡುತ್ತಾಳೆ. ಊರಿನ ಅರ್ಧ ಜನಕ್ಕೆ ಅವಳು ‘ತೀಯಾ’. ನಮ್ಮ ಕಡೆ ಅತ್ತೆ ಎನ್ನುವ ಹಾಗೆ.

ಅವತ್ತು ಶುಕ್ರವಾರ, ಆಗಸ್ಟ್ ತಿಂಗಳ ಬೇಸಿಗೆ ಮಧ್ಯಾಹ್ನ. ಎಫ್ರಾಯಿನ್ ಬಂದು ಮೇಜಿನ ತುದಿಯಲ್ಲಿ ನಿಂತ. ಅವಳ ತಮ್ಮ ಕೂಕೊನ ಅಳಿಯ ಅವನು, ಕೂಕೊನ ಮಗಳು ನೆರೇದಾಳ ಗಂಡ. ಈಗ ಅಳಿಯನೋ ಅಲ್ಲವೋ ಹೇಳುವುದು ಕಷ್ಟ.

“ಎರಡೇ ಇದಾವೆ ತೀಯಾ.”

“ಎರಡು ಮೀನಿಗೆ ನಾನ್ಯಾಕೋ? ನಿನಗೆ ಚಾಕು ಹಿಡಿಯೋಕೆ ಬರಲ್ವಾ?”

“ಬರತ್ತೆ. ಟ್ರೇಲರ್‌ ಮನೇಲಿ ಒಬ್ಬನೇ ಕೂತ್ಕೊಂಡು ಮಾಡಿದ್ರೆ ಬೈಯೋರೂ ಇರಲ್ಲ. ಇಲ್ಲಿಗೆ ಬಂದ್ರೆ ನೀವಾದ್ರೂ ಬೈತೀರಿ.”

ಅವಳು ನಗಲಿಲ್ಲ. ಎರಡೂ ಚುಕ್ಕಿ ಟ್ರೌಟ್‌ಗಳು ಒಳ್ಳೆಯವೇ, ಬೆನ್ನ ಮೇಲಿನ ಕಪ್ಪು ಚುಕ್ಕಿ ಇನ್ನೂ ಮಾಸಿರಲಿಲ್ಲ. ಒಂದರ ದವಡೆಯಲ್ಲಿ ಗಾಳ ಹಾಗೇ ಉಳಿದಿತ್ತು. ಕೀಳಲು ಹೋದವಳ ಕೈ ತಡೆಯಿತು. ಮೂರು ಕೊಕ್ಕೆ ಇರಬೇಕಾದಲ್ಲಿ ಒಂದೇ ಇತ್ತು. ಉಳಿದೆರಡನ್ನು ಇಕ್ಕಳದಿಂದ ಕತ್ತರಿಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಲಾಗಿತ್ತು.

“ಇದೇನೋ?”

“ಎಲ್ಲ ಗಾಳಗಳದ್ದೂ ಹಾಗೇ ಮಾಡ್ಬಿಟ್ಟೆ.”

“ಮೀನು ತಪ್ಪಿಸ್ಕೊಳ್ಳಲ್ವಾ?”

“ತಪ್ಪಿಸ್ಕೊಳ್ತವೆ. ತಪ್ಪಿಸ್ಕೊಳ್ಳಲಿ.” ಅವನು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. “ಈ ವಾರಕ್ಕೆ ಮಾವ ಹೋಗಿ ವರ್ಷ. ನಾಳೆ ನೀವೆಲ್ಲ ನೀರಿಗಿಳೀತೀರಂತೆ, ಚಾನೊ ಹೇಳಿದ. ನನ್ನ ಕರೀರಿ ಅಂತ ಕೇಳ್ತಿಲ್ಲ. ದೂರದಲ್ಲಿ ನಿಂತಿರ್ತೀನಿ. ನೆರೇದಾ ನನ್ನ ಕಡೆ ನೋಡದೇ ಇದ್ರೂ ಪರವಾಗಿಲ್ಲ.”

“ನೀರು ಯಾರಪ್ಪನದೂ ಅಲ್ಲ. ನಿಂತ್ಕೋ.”

ಅವನು ಹೋಗಲಿಲ್ಲ. ಸ್ವರ ತಗ್ಗಿಸಿ ಕೇಳಿದ: “ಆವತ್ತು ದೋಣಿಯಿಂದ ಇಳಿಯೋವಾಗ ಮಾವ ನನ್ನ ಬಗ್ಗೆ ಏನಾದ್ರೂ ಅಂದ್ರಾ ತೀಯಾ? ನಾವೆಲ್ಲ ಮುಂದೆ ಹೋಗ್ಬಿಟ್ಟಿದ್ವಿ. ನೀವೊಬ್ರೇ ಅವರ ಹತ್ರ ಇದ್ರಿ.”

ಒದೀಲಿಯಾ ಚಾಕುವಿನ ಗುಂಡಿ ಒತ್ತಿದಳು.

“ಏನೂ ಅನ್ಲಿಲ್ಲ,” ಎಂದಳು ಆ ಸದ್ದಿನೊಳಗೆ.

ಸುಳ್ಳು.

ಅವಳ ತಾಯಿ ಸೀಗಡಿ ಸುಲಿಯುವ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವಳು. ಮಕ್ಕಳ ಕಾಲಿಗೆ ಸಿಂಪಿ ಕೊಯ್ದರೆ, ಕೈಗೆ ಮೀನಿನ ಮುಳ್ಳು ಹೊಕ್ಕರೆ, ಬೇರೆ ಮಾತೇ ಇಲ್ಲ. ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗಿ ಕೊಲ್ಲಿಯ ನೀರಿನಲ್ಲಿ ಅದ್ದುವುದು, ಹಿಂಡುವುದು, ಮತ್ತೆ ಅದ್ದುವುದು. ಉಪ್ಪು ಕಚ್ಚಿ ಮಗು ಅರಚಿದರೆ, “ಕಚ್ಚತ್ತೆ ಅಂದ್ರೆ ಕೆಲಸ ಮಾಡ್ತಿದೆ ಅಂತ,” ಎನ್ನುವಳು. ಹಾಗೆ ಅನ್ನುತ್ತಿದ್ದುದು ಅವಳೊಬ್ಬಳೇ ಅಲ್ಲ. ಆ ದಂಡೆಯಲ್ಲಿ ಎಲ್ಲ ಮನೆಗಳಿಗೂ ಅದೇ ಮದ್ದು. ಒದೀಲಿಯಾಗೆ ಹದಿನಾಲ್ಕು ತುಂಬಿದ ವರ್ಷ ತೊರಕೆ ಮೀನಿನ ಬಾಲದ ಮುಳ್ಳು ಹಿಮ್ಮಡಿಗೆ ನಾಟಿತ್ತು. ತಾಯಿ ಅವಳನ್ನು ಸಂಜೆಯವರೆಗೆ ನೀರಿನಲ್ಲೇ ನಿಲ್ಲಿಸಿದ್ದಳು. ಗಾಯ ಮಾಯಿತು.

ಆ ತಾಯಿ ಹೋದಾಗ ಒದೀಲಿಯಾಗೆ ಹತ್ತೊಂಬತ್ತು, ಕೂಕೊನಿಗೆ ಹನ್ನೊಂದು. ತಮ್ಮನಿಗೆ ರೊಟ್ಟಿ ತಟ್ಟಿದ್ದು, ಶಾಲೆಗೆ ಅಟ್ಟಿದ್ದು, ಅವನ ಮೊಣಕಾಲನ್ನು ಕೊಲ್ಲಿಯಲ್ಲಿ ತೊಳೆದದ್ದು ಎಲ್ಲ ಇವಳೇ. ನಡುವೆ ಒಂದು ಮದುವೆಯೂ ಆಯಿತು. ಗಂಡ ಎಣ್ಣೆ ಬಾವಿಯ ಕೆಲಸಕ್ಕೆಂದು ಲೂಸಿಯಾನಾ ಕಡೆ ಹೋದವನು ಎರಡು ಕ್ರಿಸ್ಮಸ್‌ಗೆ ಕಾರ್ಡು ಹಾಕಿದ, ಮೂರನೆಯದಕ್ಕೆ ಹಾಕಲಿಲ್ಲ. ಮಕ್ಕಳಿರಲಿಲ್ಲ. ಕೂಕೊ ದೊಡ್ಡವನಾಗಿ ಮನೆ ಮಾಡುಗಳಿಗೆ ಹೊದಿಕೆ ಹಾಕುವ ಕೆಲಸ ಹಿಡಿದ, ಮದುವೆಯಾದ, ನೆರೇದಾ ಹುಟ್ಟಿದಳು, ಹೆಂಡತಿ ತೀರಿಕೊಂಡಳು. ಬಿಸಿಲಲ್ಲಿ ಮಾಡು ಹತ್ತಿ ಇಳಿದ ಗಂಡಸರು ಸಂಜೆ ಕುಡಿಯುವಷ್ಟು ಅವನೂ ಕುಡಿದ, ಹೆಂಡತಿ ಹೋದ ಮೇಲೆ ಇನ್ನೂ ಸ್ವಲ್ಪ.

ಶನಿವಾರಗಳಂದು ಮಾತ್ರ ಎಲ್ಲರೂ ನೀರಿಗಿಳಿಯುತ್ತಿದ್ದರು. ಕೂಕೊನ ಗೆಳೆಯ ಚಾನೊನ ದೋಣಿಯಲ್ಲಿ ಹುಲ್ಲು ಬೆಳೆದ ಆಳವಿಲ್ಲದ ಜಾಗಕ್ಕೆ ಹೋಗಿ, ಲಂಗರು ಹಾಕಿ, ಇಳಿದು ಸಾಲಾಗಿ ನಡೆಯುವುದು. ಇಬ್ಬರ ನಡುವೆ ಗಾಳ ಬೀಸುವಷ್ಟು ಅಂತರ. ಪಾದ ಎತ್ತಿಡುವಂತಿಲ್ಲ, ಮರಳಿನಲ್ಲಿ ಜಾರಿಸುತ್ತಲೇ ಹೋಗಬೇಕು. ಮಲಗಿದ ತೊರಕೆ ಇದ್ದರೆ ಅದೇ ಸರಿದುಕೊಳ್ಳುತ್ತದೆ. ಸಾಲಿನ ಆಳದ ತುದಿ ಕೂಕೊನದು, ಯಾಕೆಂದರೆ ಮೂಗು ಅವನದು. ಟ್ರೌಟ್‌ಗಳ ಹಿಂಡು ಹೊಟ್ಟೆ ಬಿರಿಯುವಷ್ಟು ತಿಂದು ಕಕ್ಕಿದ ಎಣ್ಣೆ ನೀರಿನ ಮೇಲೆ ತಟ್ಟೆಯಗಲ ತೇಲಿಬರುತ್ತದೆ. ಹೊಸದಾಗಿದ್ದರೆ ಅದಕ್ಕೆ ಆಗಷ್ಟೇ ಹೆಚ್ಚಿದ ಕಲ್ಲಂಗಡಿಯ ವಾಸನೆ. ಮಿಕ್ಕವರಿಗೆ ಅದು ಮೂಗಿನ ಬುಡಕ್ಕೆ ಬಂದಾಗ ತಿಳಿದರೆ ಕೂಕೊನಿಗೆ ಒಂದು ಮೈದಾನದಷ್ಟು ದೂರದಿಂದಲೇ ತಿಳಿಯುತ್ತಿತ್ತು. ಕೈಯೆತ್ತಿ ದಿಕ್ಕು ತೋರಿಸುತ್ತಿದ್ದ. ಸಾಲು ಮಾತಿಲ್ಲದೆ ಆ ಕಡೆ ತಿರುಗುತ್ತಿತ್ತು.

ಹೋದ ಆಗಸ್ಟಿನ ಆ ಶನಿವಾರ ನಡೆದದ್ದು ಇಷ್ಟು.

ದೋಣಿ ನಿಂತಿತ್ತು. ನೆರೇದಾ ನೀರಿನ ಬಾಟಲಿ ಕೇಳಿದಳು. ಎಫ್ರಾಯಿನ್ ಕೊಡಲೆಂದು ತಿರುಗಿದಾಗ ಅವನ ಕಂಕುಳಲ್ಲಿದ್ದ ಗಾಳದ ಕೋಲೂ ತಿರುಗಿತು. ತುದಿಯಲ್ಲಿ ನೇತಾಡುತ್ತಿದ್ದ ಮೂರು ಮೊನೆಯ ಕೊಕ್ಕೆ ಕೂಕೊನ ಮೊಣಕಾಲ ಕೆಳಗೆ ಗೀರಿಕೊಂಡು ಹೋಯಿತು. ಬೆರಳುದ್ದದ ಗೀರು, ನಾಲ್ಕು ಹನಿ ರಕ್ತ.

“ಕೊಕ್ಕೆಗೆ ಮುಸುಕು ಹಾಕು ಅಂತ ಎಷ್ಟು ಸಲ ಬಡ್ಕೊಳ್ಳಲಿ ನಿನಗೆ!” ಎಂದಳು ನೆರೇದಾ.

“ಬಿಡೇ,” ಎಂದ ಚಾನೊ. “ಐದು ವರ್ಷದಿಂದ ಬರೀ ಹುಲ್ಲು ಹಿಡೀತಿದ್ದ ಅಳಿಯ ಇವತ್ತು ಒಂದು ದೊಡ್ಡದನ್ನ ಹಿಡಿದಿದಾನೆ!”

ಎಲ್ಲರೂ ನಕ್ಕರು. ಕೂಕೊನೇ ಹೆಚ್ಚು ನಕ್ಕ. ಚಾನೊ, ನೆರೇದಾ, ಎಫ್ರಾಯಿನ್ ಮೂವರೂ ಇಳಿದು ಮುಂದೆ ಹೋದರು. ಕೂಕೊ ದೋಣಿಯ ಅಂಚಿನಲ್ಲಿ ಕೂತೇ ಇದ್ದ.

“ನೀನು ಹೋಗು ಲೀಯಾ. ನಾನು ಇವತ್ತು ದೋಣೀಲೇ ಇರ್ತೀನಿ,” ಎಂದ. ಅಕ್ಕನನ್ನು ಅವನು ಹೆಸರು ಮೊಟಕುಮಾಡಿ ಕರೆಯುತ್ತಿದ್ದ.

“ಯಾಕೋ? ನಾಲ್ಕು ಹನಿಗೆ ಹೆದರಿದ್ಯಾ?”

“ಡಾಕ್ಟರು ಹೇಳಿದಾರೆ. ಲಿವರ್ ಕೆಟ್ಟೋಗಿದ್ಯಲ್ಲ, ಅದಕ್ಕೆ. ಬೇಸಿಗೇಲಿ ಮೈಮೇಲೆ ಗಾಯ ಇದ್ರೆ ಈ ನೀರಿಗೆ ಇಳೀಲೇಬೇಡ ಅಂತ. ಒಂದು ಕಾಗದಾನೂ ಕೊಟ್ಟಿದಾರೆ.”

ಲಿವರಿನ ವಿಷಯ ಅವನು ಮಗಳಿಗೂ ಹೇಳಿರಲಿಲ್ಲ. ಅಕ್ಕನಿಗೊಬ್ಬಳಿಗೇ ಗೊತ್ತಿದ್ದದ್ದು.

“ಆ ಡಾಕ್ಟರು ಹುಟ್ಟಿದ್ದೆಲ್ಲಿ?”

“ನನಗೇನ್ ಗೊತ್ತು? ಮರಳುಗಾಡಿನ ಕಡೆಯೋನಿರ್ಬೇಕು.”

“ಮತ್ತೆ? ಸಮುದ್ರದ ಸುದ್ದಿ ಅವನಿಗೇನ್ ಗೊತ್ತು? ನನ್ನ ಕೈ ನೋಡು.” ಅವಳು ಎರಡೂ ಅಂಗೈ ಚಾಚಿದಳು. ಮೂವತ್ತು ವರ್ಷದ ಮುಳ್ಳಿನ ಗುರುತು, ಚಾಕುವಿನ ಗುರುತು, ಒಂದರ ಮೇಲೊಂದು. “ಇದ್ರಲ್ಲಿ ಒಂದಾದ್ರೂ ಕೀವಾಗಿದ್ದು ನೋಡಿದ್ಯಾ? ಎಲ್ಲಾದಕ್ಕೂ ಈ ನೀರೇ. ಅಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ನಿನ್ನ ಕಿವಿ ಹಿಡಿದು ಇಳಿಸಿರೋಳು.”

ಅವಳು ಸೊಂಟದವರೆಗಿನ ನೀರಿನಲ್ಲಿ ನಿಂತು, ದೋಣಿಯಿಂದ ಇಳಿಬಿದ್ದಿದ್ದ ಅವನ ಕಾಲನ್ನು ಎದೆಗೊತ್ತಿ ಹಿಡಿದು, ಬೊಗಸೆ ಬೊಗಸೆಯಾಗಿ ನೀರು ಹುಯ್ದಳು. ಗೀರಿನ ಎರಡೂ ಅಂಚು ಒತ್ತಿ ಹಿಂಡಿದಳು, ಮತ್ತೆ ಹುಯ್ದಳು. ಆ ತಿಂಗಳಿನಲ್ಲಿ ನೀರು ಸ್ನಾನದ ನೀರಿನಷ್ಟು ಬೆಚ್ಚಗಿತ್ತು.

“ಕಚ್ಚತ್ತಾ?”

“ಕಚ್ಚತ್ತೆ.”

“ಕೆಲಸ ಮಾಡ್ತಿದೆ ಅಂತ. ಇಳಿ ಈಗ. ನೀನಿಲ್ದೇ ವಾಸನೆ ಹಿಡಿಯೋರ್ಯಾರು? ಚಾನೊನ ಮೂಗು ನಂಬ್ಕೊಂಡ್ರೆ ಮೆಕ್ಸಿಕೋ ತಲುಪ್ತೀವಿ.”

ಅವನು ನಕ್ಕು ಇಳಿದ. ಇಳಿಯುತ್ತಾ ಹೇಳಿದ: “ಹುಡುಗನ್ನ ಬೈಬೇಡ ಅಂತ ನೆರೇದಾಗೆ ಹೇಳು ಲೀಯಾ. ಅವನ ತಪ್ಪಲ್ಲ. ಕಾಲು ಅಡ್ಡ ಇಟ್ಕೊಂಡಿದ್ದವನು ನಾನೇ.”

ಆ ದಿನ ಸಿಕ್ಕಷ್ಟು ಮೀನು ಆ ಬೇಸಿಗೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ.

ಸಂಜೆ ಅವನಿಗೆ ಚಳಿ ಹತ್ತಿತು. ಬೆಳಗಾಗುವಷ್ಟರಲ್ಲಿ ಕಾಲು ತೊಡೆಯವರೆಗೆ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಮೇಲೆ ಕಪ್ಪು ಗುಳ್ಳೆಗಳೆದ್ದಿದ್ದವು. ಒಂದು ಗಂಟೆ ದಾರಿಯ ದೊಡ್ಡಾಸ್ಪತ್ರೆಯಲ್ಲಿ ಭಾನುವಾರ ಕಾಲು ಕತ್ತರಿಸಿದರು. ಬುಧವಾರ ಕೂಕೊ ತೀರಿಕೊಂಡ. ವಯಸ್ಸು ಐವತ್ತೊಂಬತ್ತು.

ಬೆಚ್ಚಗಿನ ಉಪ್ಪುನೀರಿನಲ್ಲಿ ಬೆಳೆಯುವ ಕ್ರಿಮಿ ಅದು, ಎಂದರು ಅಲ್ಲಿಯ ವೈದ್ಯೆ. ಗಟ್ಟಿಮುಟ್ಟಾದವರಿಗೆ ಹೆಚ್ಚಾಗಿ ಏನೂ ಮಾಡುವುದಿಲ್ಲ. ಲಿವರ್ ಕೆಟ್ಟವರ ಗಾಯದೊಳಗೆ ಹೊಕ್ಕರೆ ಉಳಿಸುವುದು ಕಷ್ಟ. “ಗಾಯ ಹೇಗಾಯ್ತು?” ಎಂದು ಕೇಳಿದರು.

“ನನ್ನ ಗಂಡನ ಗಾಳ,” ಎಂದಳು ನೆರೇದಾ.

“ಇವರ ಲಿವರ್ ಹೀಗಿದೆ, ನೀರಿಗೆ ಇಳೀಬಾರದು ಅಂತ ನಿಮಗ್ಯಾರಿಗೂ ಗೊತ್ತಿರ್ಲಿಲ್ವಾ?”

“ಗೊತ್ತಿದ್ರೆ ಇಳಿಯೋಕೆ ಬಿಡ್ತಿದ್ವಾ?”

ಒದೀಲಿಯಾ ಗೋಡೆಗೆ ಒರಗಿ ನಿಂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು. ಎದುರಿಗೆ ಎಫ್ರಾಯಿನ್ ನೆಲದ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದ. ತಪ್ಪು ಆಗಲೇ ಒಬ್ಬನ ಹೆಗಲೇರಿ ಕೂತಾಗಿತ್ತು. ಅದನ್ನು ಇಳಿಸಿ ತನ್ನ ಹೆಗಲಿಗೆ ಹಾಕಿಕೊಳ್ಳಲು ಬೇಕಾದ ಬಲ ಆ ಕ್ಷಣ ಅವಳಲ್ಲಿರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಮಣ್ಣಾದ ಮೇಲೆ ಒಂಬತ್ತು ದಿನ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ ನಡೆಯಿತು. ಒಂಬತ್ತು ದಿನವೂ ಹೇಳಬೇಕೆಂದು ಹೋದಳು, ಒಂಬತ್ತು ದಿನವೂ ಜನ ತುಂಬಿದ್ದರು. ಜನ ಇಲ್ಲದ ಒಂದು ದಿನ ಬೇಯಿಸಿದ ಬೀನ್ಸಿನ ಪಾತ್ರೆ ಹಿಡಿದು ಹೋದಾಗ ನೆರೇದಾ ಜಗಲಿಯಲ್ಲಿ ಗಂಡನ ಅಂಗಿಗಳನ್ನು ಕಸದ ಚೀಲಕ್ಕೆ ತುರುಕುತ್ತಿದ್ದಳು. “ಅವನ ಮುಖ ನೋಡಿದ್ರೆ ಅಪ್ಪನ ಕಾಲು ಕಾಣತ್ತೆ ತೀಯಾ,” ಎಂದಳು. ಒದೀಲಿಯಾ ಪಾತ್ರೆ ಕೊಟ್ಟು ಬಂದುಬಿಟ್ಟಳು. ಅಲ್ಲಿಂದ ಮುಂದೆ ಒಂದೊಂದು ದಿನವೂ ಹಿಂದಿನ ದಿನಕ್ಕಿಂತ ಭಾರವಾಯಿತು. ಮೊದಲ ವಾರ ಹೇಳಿದ್ದರೆ ಅದು ದುಃಖ. ಆರು ತಿಂಗಳಾದ ಮೇಲೆ ಹೇಳಿದರೆ ಅದು ಮೋಸ.

ಅವಳು ಬದಲಾದದ್ದನ್ನು ಯಾರೂ ಗಮನಿಸಲಿಲ್ಲ. ಮೇಜಿನ ಕೆಳಗೆ ಈಗೊಂದು ಸ್ಪಿರಿಟ್ ಬಾಟಲಿ ಇರುತ್ತಿತ್ತು. ಮುಳ್ಳು ಚುಚ್ಚಿದರೆ ಅದನ್ನು ಸುರಿದುಕೊಳ್ಳುತ್ತಿದ್ದಳು. ದಕ್ಕೆಯ ಮೆಟ್ಟಿಲಿಳಿದು ಕೊಲ್ಲಿಯಲ್ಲಿ ಕೈ ಅದ್ದುವುದನ್ನು ಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಚಾನೊನ ದೋಣಿ ಅದೇ ಹುಲ್ಲಿನ ಬಯಲಿಗೆ ಹೋಗಿ ನಿಂತಿತು. ಗಾಳಿ ಇರಲಿಲ್ಲ. ದಡದ ಕಡೆ ಚಾನೊ, ನಡುವೆ ಒದೀಲಿಯಾ, ಆಳದ ತುದಿಗೆ ಅಪ್ಪನ ಜಾಗದಲ್ಲಿ ನೆರೇದಾ. ಹತ್ತಿರದಲ್ಲೇ ಸಣ್ಣ ಮೀನುಗಳ ಹಿಂಡೊಂದು ಚಳಚಳನೆ ಹಾರಿ ಮುಳುಗಿತು.

“ಏನೇ ನೆರೇದಾ,” ಚಾನೊ ಕೂಗಿದ, “ನಿಮ್ಮಪ್ಪನ ಮೂಗು ಬಂದಿದ್ಯೋ, ಇಲ್ಲ ಬರೀ ಸಿಟ್ಟು ಬಂದಿದ್ಯೋ?”

“ನೀನು ಬಾಯಿ ಮುಚ್ಚಿದ್ರೆ ವಾಸನೆ ಬರತ್ತೇನೋ. ಬೆಳಿಗ್ಗೆಯಿಂದ ಬರೀ ಈರುಳ್ಳಿ ವಾಸನೇನೇ ಬರ್ತಿದೆ.”

“ಮೊಟ್ಟೆ ಜೊತೆ ಈರುಳ್ಳಿ ತಿನ್ನದೋನು ಗಂಡಸೇ ಅಲ್ಲ!”

ನಗು ಬಂದಷ್ಟೇ ಬೇಗ ಅಡಗಿತು. ನೆರೇದಾ ದೂರಕ್ಕೆ ನೋಡುತ್ತಿದ್ದಳು. ಅಲ್ಲಿ, ಮಾತು ಕೇಳಿಸದಷ್ಟು ಆಚೆ, ಒಬ್ಬನೇ ನಿಂತಿದ್ದ ಎಫ್ರಾಯಿನ್. ಗಾಳ ಬೀಸುತ್ತಿರಲಿಲ್ಲ, ಸುಮ್ಮನೆ ನಿಂತಿದ್ದ.

ಅವಳು ಪಾದ ಜಾರಿಸುತ್ತಾ ಅತ್ತೆಯ ಹತ್ತಿರಕ್ಕೆ ಬಂದಳು. “ಸೋಮವಾರ ಮುಗಿಯತ್ತೆ ತೀಯಾ. ವಕೀಲರು ಡೈವೋರ್ಸ್ ಕಾಗದ ತಯಾರು ಮಾಡಿದಾರೆ, ನಾನೊಂದು ಸಹಿ ಹಾಕಿದ್ರೆ ಆಯ್ತು. ಅವನು ಒಂದಕ್ಕೂ ಎದುರು ಹೇಳ್ಲಿಲ್ಲ, ಗೊತ್ತಾ? ಎಲ್ಲ ನನ್ನದೇ ತಪ್ಪು ಅಂತ ಬರ್ಕೊಟ್ಟಿದಾನೆ. ಒಂದು ಮಾತು ಜಗಳ ಆಡಿದ್ರೆ ನನಗೂ ಸ್ವಲ್ಪ…” ಮುಂದೆ ಹೇಳದೆ ಗಾಳದ ದಾರ ಸರಿಮಾಡಿಕೊಂಡಳು. “ಹೋಗ್ಲಿ. ಸೋಮವಾರ.”

ಆಗಲೇ ಒದೀಲಿಯಾಳ ಬೆಂಡು ಗುಳುಕ್ಕನೆ ಮುಳುಗಿತು. ಕೋಲು ಬಿಲ್ಲಾಗಿ ಬಾಗಿತು, ದಾರ ಸುರ್ರೆಂದು ಬಿಚ್ಚಿಕೊಂಡು ಓಡಿತು.

“ತೀಯಾ, ದೊಡ್ಡದು! ಸುತ್ತು, ಸುತ್ತು!”

ಒದೀಲಿಯಾ ಸುತ್ತಲಿಲ್ಲ.

“ನಿಮ್ಮಪ್ಪನ್ನ ನೀರಿಗೆ ಇಳಿಸಿದ್ದು ನಾನು,” ಎಂದಳು.

“ಏನು? ಮೊದ್ಲು ದಾರ ಸುತ್ತು—”

“ಅವನು ಇಳಿಯಲ್ಲ ಅಂದಿದ್ದ. ಲಿವರ್ ಕೆಟ್ಟಿದೆ, ಡಾಕ್ಟರು ಬೇಡ ಅಂದಿದಾರೆ, ದೋಣೀಲೇ ಇರ್ತೀನಿ ಅಂದ. ನನಗೆ ಗೊತ್ತಿತ್ತು. ಮುಂಚೆಯಿಂದಾನೂ ಗೊತ್ತಿತ್ತು. ನಾನೇ ಹಂಗಿಸ್ದೆ. ನನ್ನ ಕೈ ತೋರಿಸ್ದೆ. ಗೀರನ್ನ ಹಿಂಡಿ ಹಿಂಡಿ ಈ ನೀರಲ್ಲಿ ತೊಳೆದೆ. ಇಳಿ ಅಂದೆ. ಇಳಿದ.”

ದಾರ ಟಪ್ಪೆಂದು ಹರಿಯಿತು. ಕೋಲು ನೆಟ್ಟಗಾಯಿತು. ನೆರೇದಾ ಆ ಕೋಲಿನ ತುದಿಯನ್ನೇ ನೋಡುತ್ತಿದ್ದಳು.

“ಆಸ್ಪತ್ರೇಲಿ ಡಾಕ್ಟರು ಕೇಳಿದಾಗ ನೀನು ಅಲ್ಲೇ ಇದ್ದೆ.”

“ಇದ್ದೆ.”

“ಗೊತ್ತಿದ್ರೆ ಬಿಡ್ತಿದ್ವಾ ಅಂತ ನಾನು ಅಂದೆ. ಅದನ್ನೂ ನೀನು ಕೇಳಿಸ್ಕೊಂಡೆ.”

“ಹೌದು.”

“ಅಪ್ಪ ಮತ್ತೇನಂದ?”

“ಹುಡುಗನ್ನ ಬೈಬೇಡ ಅಂತ ನಿನಗೆ ಹೇಳು ಅಂದ. ಕಾಲು ಅಡ್ಡ ಇಟ್ಟಿದ್ದು ನಾನೇ ಅಂದ.”

“ಏನ್ರೇ ಅದು!” ಚಾನೊ ಆಚೆಯಿಂದ ಕೂಗಿದ. “ಮೀನು ಹಿಡಿಯೋಕೆ ಬಂದಿದೀರೋ ಹರಟೆ ಹೊಡೆಯೋಕೋ?”

ನೆರೇದಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕಣ್ಣೀರೂ ಇರಲಿಲ್ಲ. ಒದೀಲಿಯಾ ಹೊಡೆತಕ್ಕೆ ಸಿದ್ಧಳಾಗಿ ನಿಂತಳು, ಬೈಗುಳವಾದರೆ ಸುಲಭವಿತ್ತು.

“ನಾನು ಅವನ ಬಟ್ಟೇನ ಕಸದ ಚೀಲಕ್ಕೆ ತುಂಬ್ದೆ ತೀಯಾ,” ಎಂದಳು ನೆರೇದಾ, ಪಿಸುಮಾತಿನಲ್ಲಿ. “ನೀನು ಪಾತ್ರೆ ಹಿಡ್ಕೊಂಡು ನೋಡ್ತಾ ನಿಂತಿದ್ದೆ. ಬೀನ್ಸು ಬಿಸಿಯಾಗಿತ್ತು. ನಾನು ಅವತ್ತು ಅದನ್ನ ತಿಂದೆ. ಚೆನ್ನಾಗಿದೆ ಅಂತ ಫೋನ್ ಬೇರೆ ಮಾಡ್ದೆ ನಿನಗೆ.”

“ಮಾಡ್ದೆ.”

“ಅಮ್ಮ ಹೋದ್ಮೇಲೆ ನನಗೆ ಜಡೆ ಹಾಕ್ತಿದ್ದೋಳು ನೀನು. ನಿನ್ನ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳೋದು ಅಂತ್ಲೂ ಗೊತ್ತಿಲ್ವಲ್ಲ ನನಗೆ. ನೀನು ಬೇಕಂತ ಮಾಡಿದ್ದಲ್ಲ, ಅದು ಗೊತ್ತು. ಇಳಿಸಿದ್ದಕ್ಕೆ ನಾನೇನೂ ಅನ್ನಲ್ಲ. ಆದ್ರೆ ಒಂದು ವರ್ಷ…”

ಒದೀಲಿಯಾ ತನ್ನ ಕೋಲನ್ನು ಅವಳ ಕೈಗಿತ್ತಳು. ಸೊಂಟಕ್ಕೆ ಕಟ್ಟಿದ್ದ ಮೀನು ಪೋಣಿಸುವ ಹಗ್ಗವನ್ನು ಬಿಚ್ಚಿ ಅದನ್ನೂ ಕೊಟ್ಟಳು.

“ಎಲ್ಲಿಗೆ?”

“ಇದೇ ಮಾತನ್ನ ಅವನು ನಿನ್ನೆ ಕೇಳಿದ್ದ. ಮಾವ ಏನಾದ್ರೂ ಅಂದ್ರಾ ಅಂತ. ಇಲ್ಲ ಅಂದ್ಬಿಟ್ಟೆ.”

“ನಿಲ್ಲು ತೀಯಾ. ನಾನಿನ್ನೂ ಮುಗಿಸಿಲ್ಲ.”

ಒದೀಲಿಯಾ ಆಗಲೇ ತಿರುಗಿದ್ದಳು. ನಡುವೆ ನೀರು ಎದೆಯವರೆಗೆ ಬರುವ ಒಂದು ಕಾಲುವೆ ಇತ್ತು. ಕೈಗಳನ್ನು ಮೇಲೆತ್ತಿಕೊಂಡು ಅದಕ್ಕೆ ಇಳಿದಳು. ದೂರದಲ್ಲಿದ್ದವನು ತನ್ನ ಕಡೆ ಯಾರೋ ಬರುತ್ತಿರುವುದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

“ಹೀಗೆ ಹೇಳಿ ಹಾಗೆ ಹೊರಟುಹೋದ್ರೆ ನಾನೇನ್ ಮಾಡ್ಲಿ?” ಹಿಂದಿನಿಂದ ನೆರೇದಾಳ ದನಿ ಬರುತ್ತಲೇ ಇತ್ತು. “ಅವನ ಹತ್ರ ನಾನು ಯಾವ ಮುಖ ಇಟ್ಕೊಂಡು ಮಾತಾಡ್ಲಿ? ಸೋಮವಾರ ನಾನು… ತೀಯಾ, ಕೇಳಿಸ್ತಿದ್ಯಾ? ಅವನಿಗೆ ಹೇಳೋ ಮುಂಚೆ ನನ್ನ ಒಂದು ಮಾತು—”

ಒದೀಲಿಯಾ ನಡೆಯುತ್ತಲೇ ಇದ್ದಳು.